ಕಾಲಯಂತ್ರದ ಕಾರಿನಲ್ಲಿ ತಪ್ಪೆಷ್ಟು, ಒಪ್ಪೆಷ್ಟು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಿಲ್ ವ್ಯಾಲಿ ಎಂಬ ಕಲ್ಪನೆಯ ಊರು. 1985ರ ಅಕ್ಟೋಬರ್ 26. ನಡುರಾತ್ರಿ ಕಳೆದು ಒಂದು ಗಂಟೆಯ ಮೇಲಾಗಿದೆ. ಅಂಗಡಿ ಸಂಕೀರ್ಣವೊಂದರ ಮುಂದೆ ‘ಟ್ವಿನ್ ಪೈನ್ಸ್ ಮಾಲ್’ ಎಂಬ ಫಲಕ, ಅಂದರೆ ‘ಜೋಡಿ ಪೈನ್ ಮರ’. ಚಿತ್ರದ ಕೊನೆಯಲ್ಲಿ ಮತ್ತೆ ಅದೇ ರಾತ್ರಿ, ಅದೇ ಜಾಗ. ಆದರೆ ಫಲಕದ ಮೇಲೆ ಈಗ ‘ಲೋನ್ ಪೈನ್ ಮಾಲ್’ ಎಂದಿದೆ. ಜೋಡಿ ಮರ ಒಂಟಿಯಾಗಿದೆ!

ನಿರ್ದೇಶಕರು ಸಿಕ್ಕಿಬಿದ್ದರು ಎಂದು ಚುರುಕುಗಣ್ಣಿನ ವಿದ್ಯಾರ್ಥಿ ಚಪ್ಪಾಳೆ ತಟ್ಟಬಹುದು. ಆದರೆ ಸಿಕ್ಕಿಬಿದ್ದವನು ಅವನೇ. ನಡುವೆ ಕಥಾನಾಯಕ ಮಾರ್ಟಿ ಎಂಬ ಹುಡುಗ ಕಾಲಯಂತ್ರವಾದ ಕಾರಿನಲ್ಲಿ 1955ಕ್ಕೆ ಹೋಗಿದ್ದಾನೆ. ಆಗ ಆ ಜಾಗ ಒಬ್ಬ ರೈತನ ಹೊಲ. ಗಾಬರಿಯಲ್ಲಿ ಓಡುವಾಗ ಕಾರು ಅಲ್ಲಿದ್ದ ಎರಡು ಪೈನ್ ಸಸಿಗಳಲ್ಲಿ ಒಂದನ್ನು ಮುರಿದುಹಾಕಿದೆ. ಸಸಿ ಒಂದೇ ಉಳಿದ ಮೇಲೆ ಊರವರು ಇಟ್ಟ ಹೆಸರೂ ಬದಲಾಗಲೇಬೇಕಲ್ಲ! ಒಂದು ಮಾತನ್ನೂ ಆಡದೆ ಕಾರಣ ಮತ್ತು ಪರಿಣಾಮದ ಪಾಠವನ್ನು ಹೇಳಿಬಿಡುವ ದೃಶ್ಯವಿದು.

ರಾಬರ್ಟ್ ಝೆಮೆಕಿಸ್ ನಿರ್ದೇಶಿಸಿದ ‘ಬ್ಯಾಕ್ ಟು ದ ಫ್ಯೂಚರ್’ ಎಂಬ ಈ ವೈಜ್ಞಾನಿಕ ಹಾಸ್ಯಚಿತ್ರ ತೆರೆ ಕಂಡದ್ದು 1985ರ ಜುಲೈ 3ರಂದು. ನಲವತ್ತು ವರ್ಷ ದಾಟಿದರೂ ಅದರ ತಪ್ಪುಗಳನ್ನು ಹೆಕ್ಕುವ ಕೆಲಸ ನಿಂತಿಲ್ಲ. ‘ಸಿನಿಮಾ ಅಂದಮೇಲೆ ಸುಮ್ಮನೆ ನೋಡಬಾರದೇ?’ ಎಂದು ತಂದೆತಾಯಿ ಗದರುವುದುಂಟು. ಗದರುವ ಅಗತ್ಯವಿಲ್ಲ, ತಪ್ಪು ಹುಡುಕುವುದು ಒಳ್ಳೆಯ ಅಭ್ಯಾಸವೇ. ಆದರೆ ತಪ್ಪು ಎಂದು ಕೂಗುವ ಮೊದಲು ಅದು ಯಾವ ಬಗೆಯ ತಪ್ಪು ಎಂದು ವಿಂಗಡಿಸುವುದನ್ನೂ ಕಲಿಯಬೇಕು. ವಿಜ್ಞಾನ ಶುರುವಾಗುವುದೇ ಅಲ್ಲಿಂದ.

ಇತಿಹಾಸದ ಎಡವಟ್ಟು

ಮೊದಲನೆಯದು ಕಾಲಕ್ಕೆ ಹೊಂದದ ವಸ್ತು. 1955ರ ಶಾಲಾ ನೃತ್ಯಕೂಟದಲ್ಲಿ ಮಾರ್ಟಿ ಒಂದು ಕೆಂಪು ಗಿಟಾರ್ ನುಡಿಸುತ್ತಾನೆ. ಅದು ಗಿಬ್ಸನ್ ಕಂಪನಿಯ ಇಎಸ್-345 ಮಾದರಿ. ಆ ಸಾಲಿನ ಗಿಟಾರ್‌ಗಳು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಮಾರ್ಟಿ ಅದನ್ನು ತನ್ನ ಜೊತೆಯಲ್ಲಿ ತಂದದ್ದೂ ಅಲ್ಲ. ಆ ಕಾಲದ ವಾದ್ಯಗಾರನದನ್ನೇ ಪಡೆದು ನುಡಿಸುತ್ತಾನೆ. ಹಾಗಾಗಿ ಇದಕ್ಕೆ ಸಮರ್ಥನೆಯಿಲ್ಲ, ಇದು ನಿಜವಾದ ತಪ್ಪು. ಆದರೆ ಎಂಥ ಜನಪ್ರಿಯ ತಪ್ಪು ನೋಡಿ: ಕಳೆದುಹೋದ ಆ ಗಿಟಾರನ್ನು ಹುಡುಕಿಕೊಡಿ ಎಂದು 2025ರಲ್ಲಿ ಗಿಬ್ಸನ್ ಕಂಪನಿಯೇ ಸಾರ್ವಜನಿಕರನ್ನು ಕೇಳಿಕೊಂಡಿತು.

ಎರಡನೆಯದು ತಾರೀಖಿನದು. ವಿಜ್ಞಾನಿ ಡಾ. ಬ್ರೌನ್ ತಮ್ಮ ಕಾಲಯಂತ್ರವನ್ನು ತೋರಿಸುತ್ತ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಬೀಳುವುದನ್ನು ನೋಡಬೇಕೆ ಎಂದು ಕೇಳಿ 1776ರ ಜುಲೈ 4ನ್ನು ಒತ್ತುತ್ತಾರೆ. ಆ ದಿನ ಘೋಷಣೆಗೆ ಒಪ್ಪಿಗೆ ಸಿಕ್ಕಿತು, ನಿಜ. ಆದರೆ ಬಹುತೇಕ ಪ್ರತಿನಿಧಿಗಳು ಸಹಿ ಹಾಕಿದ್ದು ಆಗಸ್ಟ್ 2ರಂದು. ಕಾಲಯಂತ್ರವನ್ನು ನಂಬಿ ಹೋದವರು ಒಂದು ತಿಂಗಳು ಅಲ್ಲೇ ಕಾಯಬೇಕಾದೀತು!

ಆಮೇಲೆ ಯೇಸುವಿನ ಜನನ ನೋಡಬೇಕೆ ಎಂದು ಅವರು ಡಿಸೆಂಬರ್ 25, ವರ್ಷ 0000 ಎಂದು ಒತ್ತುತ್ತಾರೆ. ನಮ್ಮ ಕ್ಯಾಲೆಂಡರಿನಲ್ಲಿ ಸೊನ್ನೆಯ ವರ್ಷ ಎಂಬುದೇ ಇಲ್ಲ. ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1. ಈ ಎಣಿಕೆಯನ್ನು ರೂಪಿಸಿದ ಡಯೊನೀಸಿಯಸ್ ಎಂಬ ಕ್ರೈಸ್ತ ಸಂನ್ಯಾಸಿಯ ಕಾಲ ಕ್ರಿ.ಶ. 525ರ ಸುಮಾರು. ಸೊನ್ನೆಯೊಡನೆ ಕೂಡುವ, ಕಳೆಯುವ ನಿಯಮಗಳನ್ನು ಭಾರತದ ಬ್ರಹ್ಮಗುಪ್ತ ಬರೆದಿಟ್ಟದ್ದು 628ರಲ್ಲಿ. ಸೊನ್ನೆಯನ್ನು ಸಂಖ್ಯೆಯೆಂದು ಬಳಸುವ ರೂಢಿ ಆಗ ಯೂರೋಪಿನಲ್ಲಿ ಇರಲಿಲ್ಲ. ಆದರೆ ಇಲ್ಲೊಂದು ಪ್ರಶ್ನೆ. ಈ ತಾರೀಖುಗಳು ತಪ್ಪಾದದ್ದು ಚಿತ್ರ ಬರೆದವರಿಂದಲೋ, ಮರೆಗುಳಿ ವಿಜ್ಞಾನಿಯ ಪಾತ್ರದಿಂದಲೋ? ಪಾತ್ರ ತಪ್ಪಿದರೆ ಅದು ಸ್ವಭಾವ. ಬರೆದವರು ತಪ್ಪಿದರೆ ಅದು ದೋಷ. ಗಿಟಾರಿನಷ್ಟು ಖಚಿತವಾಗಿ ಇದನ್ನು ತೀರ್ಮಾನಿಸಲಾಗದು.

ಕಣ್ಣು ಕಂಡರೂ ಮನಸ್ಸು ಕಾಣದು

ಸಿನಿಮಾದಲ್ಲಿ ಅತಿ ಹೆಚ್ಚು ನಡೆಯುವುದು ಮೂರನೆಯ ಬಗೆ: ಕಂಟಿನ್ಯುಟಿ ತಪ್ಪು. ಒಂದು ಶಾಟ್‌ನಲ್ಲಿ ಅರ್ಧವಿದ್ದ ಲೋಟದ ಹಾಲು ಮುಂದಿನ ಶಾಟ್‌ನಲ್ಲಿ ತುಂಬಿರುತ್ತದೆ. ಎಡಗೈಯಲ್ಲಿದ್ದ ಪುಸ್ತಕ ಬಲಗೈಗೆ ಬಂದಿರುತ್ತದೆ. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ ಎಂಬುದೇ ಇದಕ್ಕೆ ಕಾರಣ. ತೆರೆಯ ಮೇಲೆ ಎರಡು ಕ್ಷಣ ಅಂತರದ ಶಾಟ್‌ಗಳನ್ನು ಎರಡು ವಾರದ ಅಂತರದಲ್ಲಿ ತೆಗೆದಿರಬಹುದು. ಯಾರ ಗುಂಡಿ ಹಾಕಿತ್ತು, ಯಾವ ದೀಪ ಉರಿಯುತ್ತಿತ್ತು ಎಂದು ಬರೆದಿಡಲೆಂದೇ ಸೆಟ್‌ನಲ್ಲಿ ಒಬ್ಬರನ್ನು ನೇಮಿಸಿರುತ್ತಾರೆ.

ಈ ಚಿತ್ರದ ತಂಡಕ್ಕಂತೂ ಇನ್ನೂ ದೊಡ್ಡ ತೊಡಕು ಎದುರಾಗಿತ್ತು. ಮಾರ್ಟಿಯ ಪಾತ್ರಕ್ಕೆ ಮೊದಲು ಎರಿಕ್ ಸ್ಟಾಲ್ಟ್ಸ್ ಎಂಬ ನಟನನ್ನು ಆರಿಸಿ ಕೆಲವು ವಾರ ಚಿತ್ರೀಕರಣವೂ ನಡೆದಿತ್ತು. ಹಾಸ್ಯ ಒಗ್ಗುತ್ತಿಲ್ಲವೆಂದು 1985ರ ಜನವರಿಯಲ್ಲಿ ಅವರನ್ನು ಬಿಟ್ಟು ಮೈಕೆಲ್ ಜೆ. ಫಾಕ್ಸ್ ಅವರನ್ನು ಕರೆತಂದರು. ಫಾಕ್ಸ್ ಹಗಲು ದೂರದರ್ಶನ ಧಾರಾವಾಹಿಯಲ್ಲಿ, ರಾತ್ರಿ ಈ ಚಿತ್ರದಲ್ಲಿ ದುಡಿದರು. ನಾಯಕಿಯ ಎತ್ತರ ಹೊಸ ನಾಯಕನಿಗೆ ಹೊಂದದೆ ಆ ಪಾತ್ರಕ್ಕೂ ಬೇರೆಯವರು ಬಂದರು. 1989ರ ಎರಡನೆಯ ಭಾಗದಲ್ಲಿ ನಾಯಕಿ ಮತ್ತೊಮ್ಮೆ ಬದಲಾದರು. ಮೊದಲ ಭಾಗದ ಕೊನೆಯ ದೃಶ್ಯವನ್ನು ಹೊಸ ನಟಿಯೊಂದಿಗೆ ಮತ್ತೆ ತೆಗೆಯಬೇಕಾಯಿತು. ಎರಡನ್ನೂ ಒಟ್ಟಿಗೆ ನೋಡಿದರೆ ಒಂದೇ ಕ್ಷಣದಲ್ಲಿ ಇಬ್ಬರು ಬೇರೆ ಬೇರೆ ಹುಡುಗಿಯರು ಕಾಣುತ್ತಾರೆ!

ಇಷ್ಟಾದರೂ ಪ್ರೇಕ್ಷಕರ ಗಮನಕ್ಕೆ ಬರುವುದು ಕಡಿಮೆ. ಏಕೆ? ಅಮೆರಿಕದ ಮನೋವಿಜ್ಞಾನಿಗಳಾದ ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ 1997ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಬ್ಬರು ಮಹಿಳೆಯರು ಮಾತಾಡುವ ಚಿಕ್ಕ ಚಿತ್ರದಲ್ಲಿ ಬೇಕೆಂದೇ ಒಂಬತ್ತು ಬದಲಾವಣೆ ಮಾಡಿದ್ದರು. ಕೊರಳ ಶಾಲು ಮಾಯವಾಗುತ್ತದೆ, ತಟ್ಟೆಗಳ ಬಣ್ಣ ಬದಲಾಗುತ್ತದೆ. ಮೊದಲ ಸಲ ನೋಡಿದವರಲ್ಲಿ ಬಹುತೇಕ ಯಾರಿಗೂ ಒಂದೂ ತಿಳಿಯಲಿಲ್ಲ. ಬದಲಾವಣೆಗಳಿವೆ, ಹುಡುಕಿ ಎಂದು ಹೇಳಿ ಮತ್ತೆ ತೋರಿಸಿದಾಗಲೂ ಹೆಚ್ಚಿನವು ಕಣ್ತಪ್ಪಿದವು. ಮನಸ್ಸು ಕ್ಯಾಮೆರಾ ಅಲ್ಲ. ಅದು ಕಥೆಗೆ ಬೇಕಾದ್ದನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ‘ನಾನು ಕಣ್ಣಾರೆ ಕಂಡೆ’ ಎನ್ನುವ ಸಾಕ್ಷಿಯನ್ನೂ ಪರೀಕ್ಷಿಸಬೇಕು ಎಂಬ ಪಾಠ ಇದರಲ್ಲಿದೆ.

ಸಿಡಿಲಿನ ಲೆಕ್ಕ

ಇನ್ನು ವಿಜ್ಞಾನದ ತಪ್ಪುಗಳು. ಕಾಲದಲ್ಲಿ ಜಿಗಿಯಲು ಕಾರು ಗಂಟೆಗೆ 88 ಮೈಲಿ, ಅಂದರೆ ಸುಮಾರು 142 ಕಿ.ಮೀ. ವೇಗದಲ್ಲಿರಬೇಕು. ಜೊತೆಗೆ 1.21 ಗಿಗಾವಾಟ್ ವಿದ್ಯುತ್ ಬೇಕು. ಚಿತ್ರದಲ್ಲಿ ಇದನ್ನು ‘ಜಿಗಾವಾಟ್’ ಎನ್ನುತ್ತಾರೆ. ಅದು ತಪ್ಪೆಂದು ನಗುವವರು ಇಂಗ್ಲಿಷ್ ನಿಘಂಟು ತೆರೆದರೆ ಎರಡು ಉಚ್ಚಾರಣೆಗಳೂ ಸಿಗುತ್ತವೆ. ಗಿಗಾ ಎಂದರೆ ನೂರು ಕೋಟಿ. ಹಾಗಾಗಿ ಇದು 121 ಕೋಟಿ ವಾಟ್. 60 ವಾಟ್‌ನ ಎರಡು ಕೋಟಿ ಬಲ್ಬ್‌ಗಳು ಒಟ್ಟಿಗೆ ಉರಿದಂತೆ.

ಸಿಡಿಲು ಇಷ್ಟು ಕೊಟ್ಟೀತೇ? ಒಂದು ಸಿಡಿಲಿನ ಶಕ್ತಿ ಸುಮಾರು 100 ಕೋಟಿ ಜೂಲ್ ಎಂದು ಅಂದಾಜು. ಮನೆಯ ಮೀಟರಿನ ಲೆಕ್ಕದಲ್ಲಿ ಇದು ಸುಮಾರು 280 ಯೂನಿಟ್. ಒಂದು ಸಾಧಾರಣ ಮನೆಗೆ ಎರಡು ಮೂರು ತಿಂಗಳಿಗೆ ಸಾಕು, ಅಷ್ಟೆ. ಆದರೆ ಅದು ಹೊರಬೀಳುವುದು ಸೆಕೆಂಡಿನ ಕೆಲವೇ ಭಾಗದಲ್ಲಿ. 100 ಕೋಟಿ ಜೂಲನ್ನು 0.2 ಸೆಕೆಂಡಿನಿಂದ ಭಾಗಿಸಿದರೆ 500 ಕೋಟಿ ವಾಟ್! ಅದರಲ್ಲಿ ಹೆಚ್ಚಿನದು ಗಾಳಿಯನ್ನು ಕಾಯಿಸಲು, ಬೆಳಕಿಗೆ, ಗುಡುಗಿಗೆ ಹೋಗುತ್ತದೆ. ಆದರೂ 1.21 ಗಿಗಾವಾಟ್ ಎಂಬ ಅಂಕಿ ಅಸಂಬದ್ಧವಲ್ಲ. ಶಕ್ತಿ ಬೇರೆ, ಸಾಮರ್ಥ್ಯ ಬೇರೆ ಎಂಬ ಭೌತವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ನಿಜವಾದ ತಪ್ಪು ಗಡಿಯಾರದಲ್ಲಿದೆ. 1955ರ ನವೆಂಬರ್ 12ರ ರಾತ್ರಿ 10 ಗಂಟೆ 4 ನಿಮಿಷಕ್ಕೆ ನ್ಯಾಯಾಲಯದ ಗೋಪುರಕ್ಕೆ ಸಿಡಿಲು ಬಡಿಯುತ್ತದೆ ಎಂಬುದು ಮಾರ್ಟಿಗೆ ಗೊತ್ತು. ಕೆಟ್ಟು ನಿಂತ ಗಡಿಯಾರದಿಂದ ತಿಳಿದ ಸಮಯ ಅದು. ಆದರೆ ಎಷ್ಟನೆಯ ಸೆಕೆಂಡ್? ಗೊತ್ತಿಲ್ಲ. ಕಾರು ಸೆಕೆಂಡಿಗೆ ಸುಮಾರು 39 ಮೀಟರ್ ಓಡುತ್ತದೆ. ಅರವತ್ತು ಸೆಕೆಂಡಿನ ಅನಿಶ್ಚಯವೆಂದರೆ ರಸ್ತೆಯಲ್ಲಿ ಎರಡು ಕಿ.ಮೀ.ಗೂ ಮಿಕ್ಕಿದ ಅನಿಶ್ಚಯ. ಆದರೂ ಸಿಡಿಲಿನ ತಂತಿಯನ್ನು ಕಾರು ಅದೇ ಕ್ಷಣಕ್ಕೆ ಮುಟ್ಟುತ್ತದೆ. ಸಾಲದೆಂಬಂತೆ, ಹೊರಡಲು ಅಲಾರಂ ಬಾರಿಸಿದಾಗ ಕಾರಿನ ಎಂಜಿನ್ ಚಾಲೂ ಆಗುವುದೇ ಇಲ್ಲ! ತಡವಾಗಿ ಹೊರಟರೂ ಸಮಯಕ್ಕೆ ಸರಿಯಾಗಿ ತಲುಪುತ್ತದೆ.

ಇನ್ನೊಂದು ತಪ್ಪನ್ನು ಮಾತ್ರ ನಗುತ್ತ ಬಿಟ್ಟುಬಿಡುವಂತಿಲ್ಲ. ಸಿಡಿಲು ಹರಿಯುವ ಕೇಬಲನ್ನು ಡಾ. ಬ್ರೌನ್ ಬರಿಗೈಯಲ್ಲಿ ಜೋಡಿಸುತ್ತಾರೆ, ಎಸೆಯಲ್ಪಡುತ್ತಾರೆ, ಮರುಗಳಿಗೆಯಲ್ಲೇ ಎದ್ದು ಕುಣಿಯುತ್ತಾರೆ. ನಿಜ ಜೀವನದಲ್ಲಿ ಸಿಡಿಲಿನ ಪ್ರವಾಹ ಸಾಮಾನ್ಯವಾಗಿ 30 ಸಾವಿರ ಆಂಪಿಯರ್ ಮಟ್ಟದ್ದು. ಅದರ ಹಾದಿಯಲ್ಲಿ ನಿಂತವರು ಹೀಗೆ ಕುಣಿಯುವುದಿಲ್ಲ. ಗುಡುಗು ಕೇಳಿದೊಡನೆ ಗಟ್ಟಿ ಕಟ್ಟಡದೊಳಗೆ ಸೇರಬೇಕು, ತಂತಿ, ಬೇಲಿ, ಒಂಟಿ ಮರಗಳಿಂದ ದೂರವಿರಬೇಕು. ಮಕ್ಕಳ ಪಕ್ಕ ಕುಳಿತ ತಂದೆತಾಯಿ ಈ ದೃಶ್ಯದಲ್ಲಿ ಎರಡು ಮಾತು ಹೇಳಿದರೆ ಒಳ್ಳೆಯದು.

ಮಕ್ಕಳು ಅವರೇ ಹೇಗಾದರು?

ಎಲ್ಲಕ್ಕಿಂತ ದೊಡ್ಡ ತಪ್ಪನ್ನು ಹೆಚ್ಚಿನವರು ಎಣಿಸುವುದೇ ಇಲ್ಲ. ಹುಡುಗ ಹಿಂದಿನ ಕಾಲಕ್ಕೆ ಹೋಗಿ ತಂದೆತಾಯಿಯ ಬಾಳಿನ ದಿಕ್ಕನ್ನೇ ಬದಲಿಸುತ್ತಾನೆ. ಅಂಜುಬುರುಕ ತಂದೆ ಧೈರ್ಯಶಾಲಿಯಾಗುತ್ತಾನೆ, ಲೇಖಕನಾಗುತ್ತಾನೆ. ಮನೆ ಸಿರಿವಂತವಾಗುತ್ತದೆ. ಆದರೂ ಅದೇ ಅಣ್ಣ, ಅದೇ ಅಕ್ಕ, ಅದೇ ಮಾರ್ಟಿ ಹುಟ್ಟಿರುತ್ತಾರೆ!

ಜೀವವಿಜ್ಞಾನದ ಲೆಕ್ಕ ನೋಡಿ. ಮನುಷ್ಯನಲ್ಲಿ 23 ಜೊತೆ ಕ್ರೋಮೋಸೋಮುಗಳಿವೆ. ಪ್ರತಿ ಜೊತೆಯಿಂದ ಒಂದೊಂದು ಆರಿಸಿದರೆ ಒಬ್ಬರಲ್ಲೇ 83,88,608 ಬಗೆಯ ಜೋಡಣೆ ಸಾಧ್ಯ. ಎಂಬತ್ತನಾಲ್ಕು ಲಕ್ಷ ಜೀವರಾಶಿ ಎಂಬ ಹಳೆಯ ಮಾತು ನೆನಪಾಗುವ ಸಂಖ್ಯೆ! ತಂದೆತಾಯಿ ಇಬ್ಬರದನ್ನೂ ಗುಣಿಸಿದರೆ ಸುಮಾರು 70 ಲಕ್ಷ ಕೋಟಿ. ಕ್ರೋಮೋಸೋಮುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನು ಸೇರಿಸಿದರೆ ಲೆಕ್ಕ ಇನ್ನೂ ಏರುತ್ತದೆ. ಗರ್ಭ ಕಟ್ಟುವ ಗಳಿಗೆ ತುಸು ಆಚೀಚೆಯಾದರೂ ಹುಟ್ಟುವ ಮಗು ಬೇರೆ. ಬದುಕೇ ಬದಲಾದ ಮೇಲೆ ಅದೇ ಮೂವರು ಮಕ್ಕಳು ಅದೇ ಮುಖ ಹೊತ್ತು ಬರುವುದು ಕಾಲಯಂತ್ರಕ್ಕಿಂತ ದೊಡ್ಡ ಪವಾಡ. ಒಂದು ಪೈನ್ ಸಸಿಯ ಲೆಕ್ಕವನ್ನು ಅಷ್ಟು ಜಾಗ್ರತೆಯಿಂದ ಇಟ್ಟವರು ಇಲ್ಲಿ ಕಣ್ಣು ಮುಚ್ಚಿದ್ದಾರೆ. ಕಾರಣವೂ ಸ್ಪಷ್ಟ: ನಾಯಕ ಮರಳಿ ಬಂದಾಗ ಮನೆಯಲ್ಲಿ ಅಪರಿಚಿತರಿದ್ದರೆ ಅದು ಹಾಸ್ಯಚಿತ್ರವಾಗಿ ಉಳಿಯುತ್ತಿರಲಿಲ್ಲ.

ಹಾಗೆಂದು ಚಿತ್ರವನ್ನು ತಳ್ಳಿಹಾಕಬೇಕಾಗಿಲ್ಲ. ಕಥೆ ನಡೆಯಲು ಕೊಟ್ಟ ರಿಯಾಯಿತಿ ಬೇರೆ, ಅಜಾಗ್ರತೆಯ ತಪ್ಪು ಬೇರೆ, ಜೀವಕ್ಕೆ ಅಪಾಯ ತರುವ ತಪ್ಪು ಕಲ್ಪನೆ ಬೇರೆ. ರಜೆಯ ದಿನ ಮನೆಮಂದಿಯೆಲ್ಲ ಯಾವುದಾದರೊಂದು ಚಿತ್ರ ನೋಡುವಾಗ ಮಕ್ಕಳ ಕೈಗೆ ನೋಟ್‌ಪುಸ್ತಕ ಕೊಟ್ಟು ಮೂರು ಕಾಲಂ ಎಳೆಯಲು ಹೇಳಿ. ಕಂಡ ತಪ್ಪನ್ನು ಎಲ್ಲಿ ಬರೆಯಬೇಕು ಎಂದು ಅವರೇ ತೀರ್ಮಾನಿಸಲಿ, ಕಾರಣವನ್ನೂ ಬರೆಯಲಿ. ಮರುದಿನ ಪುಸ್ತಕ ತೆರೆದು ಪರಿಶೀಲಿಸಿದಾಗ ಕೆಲವು ‘ತಪ್ಪು’ಗಳನ್ನು ಅವರೇ ಹೊಡೆದುಹಾಕುತ್ತಾರೆ. ಹಾಗೆ ಹೊಡೆದುಹಾಕಿದ ಸಾಲುಗಳಿಗೇ ಹೆಚ್ಚು ಅಂಕ ಕೊಡಿ.