ಜಿಗಣೆಯ ಜೊಲ್ಲಿಗೂ ಅಳತೆ ಬೇಕು

ಜಿಗಣೆ ಕಚ್ಚಿ ಬಿಟ್ಟ ಮೇಲೂ ಗಾಯದಿಂದ ರಕ್ತ ಗಂಟೆಗಟ್ಟಲೆ ಜಿನುಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಜಿಗಣೆಯಲ್ಲಿದೆಯೆಂದು ವಿಜ್ಞಾನಿ ಜಾನ್ ಹೇಕ್ರಾಫ್ಟ್ 1884ರಲ್ಲೇ ತೋರಿಸಿದ್ದರು. 1950ರ ದಶಕದಲ್ಲಿ ಜರ್ಮನಿಯ ಫ್ರಿಟ್ಸ್ ಮಾರ್ಕ್‌ವಾರ್ಟ್ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಹಿರುಡಿನ್ ಎಂಬ ಈ ಪುಟ್ಟ ಪ್ರೋಟೀನಿನಲ್ಲಿರುವುದು ಸುಮಾರು 65 ಅಮೈನೋ ಆಮ್ಲಗಳಷ್ಟೇ. ಆದರೂ ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಕಿಣ್ವವನ್ನು ಅದು ಬಿಗಿಯಾಗಿ ಕಟ್ಟಿಹಾಕುತ್ತದೆ.

ಹಾಗಾದರೆ ರಕ್ತ ಹೆಪ್ಪುಗಟ್ಟದಿರಲು ಜಿಗಣೆಯನ್ನೇ ಕಚ್ಚಿಸಿಕೊಂಡರೆ ಸಾಲದೇ, ಸುಶ್ರುತನೂ ಹೇಳಿದ್ದಾನಲ್ಲ ಎನ್ನುವವರಿದ್ದಾರೆ. ಮರುಜೋಡಿಸಿದ ಬೆರಳಿನಲ್ಲಿ ಮಡುಗಟ್ಟಿದ ರಕ್ತ ಇಳಿಸಲು ಶಸ್ತ್ರವೈದ್ಯರು ಇಂದಿಗೂ ಜಿಗಣೆ ಬಳಸುವುದು ನಿಜ. ಆದರೆ ಒಂದು ಕಡಿತಕ್ಕೆ ಎಷ್ಟು ಹಿರುಡಿನ್ ಒಳಗಿಳಿಯಿತೆಂದು ಯಾರೂ ಅಳೆದು ಕೊಡಲಾರರು. ಜಿಗಣೆಯ ಕರುಳಿನ ಏರೋಮೊನಾಸ್ ಬ್ಯಾಕ್ಟೀರಿಯಾದಿಂದ ಸೋಂಕೂ ತಗಲಬಹುದು. ಹಿರುಡಿನ್ ಮಾದರಿಯಲ್ಲಿ ರೂಪಿಸಿದ ಬೈವಾಲಿರುಡಿನ್ ಔಷಧವನ್ನಾದರೋ ಆಂಜಿಯೋಪ್ಲಾಸ್ಟಿ ವೇಳೆ ರೋಗಿಯ ತೂಕ ನೋಡಿ ಕೊಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಜಿಗಣೆ ಹಚ್ಚಿಸಿಕೊಳ್ಳಬೇಡಿ.