ರಾಣಿ ಇರುವೆಯ ಪ್ರಭೇದನಿರ್ಣಯ

ಮುಂಗಾರಿನ ಮಳೆ ಸುರಿದ ಸಂಜೆ ದೀಪವನ್ನರಸಿ ಹಾರಿಬಂದು, ರೆಕ್ಕೆ ಕಳಚಿ, ಜಗುಲಿಯ ಮೇಲೆ ಹರಿದಾಡುವ ರಾಣಿ ಇರುವೆಯನ್ನು ಹಿಡಿದಿರಿಸಿ ಅದರ ಪ್ರಭೇದವನ್ನರಿಯಬಯಸುವವರು, ಗಾತ್ರವರ್ಣಗಳನ್ನು ಅತಿಯಾಗಿ ನೆಚ್ಚದೆ, ಭೂತಗನ್ನಡಿಯಲ್ಲಿ ಮೊದಲು ಅದರ ಸೊಂಟವನ್ನು ಪರೀಕ್ಷಿಸತಕ್ಕದ್ದು. ಎದೆಗೂ ಉದರಕ್ಕೂ ನಡುವೆ ಒಂದೇ ಗಂಟಿದ್ದು, ಮೀಸೆಗಳ ಬುಡವು ಬಾಯಿಯ ಮೇಲಣ ಫಲಕದಂಚಿಗೆ ತಾಗದೆ ತುಸು ಹಿಂದೆ ಸರಿದು ನಿಂತಿದ್ದರೆ, ಅದು ಬಹುಮಟ್ಟಿಗೆ ನಮ್ಮ ಗೊದ್ದದ ಕುಲವಾದ ಕ್ಯಾಂಪೊನೋಟಸ್. ಒಂದೇ ಗಂಟಿನ ದಪ್ಪ ರಾಣಿಯು ಹಸುರಾಗಿದ್ದರೆ, ಎಲೆಗಳನ್ನು ಹೆಣೆದು ಗೂಡುಕಟ್ಟುವ ಚಗಳಿಯ ರಾಣಿಯದು. ಬಣ್ಣವೇ ಬಲವಾದ ಸಾಕ್ಷಿಯಾಗುವ ಅಪೂರ್ವ ಸಂದರ್ಭವಿದು. ಗಂಟುಗಳೆರಡಿದ್ದರೆ ಮಿರ್ಮಿಸಿನೀ ಉಪಕುಟುಂಬದತ್ತ ಅರಸಬೇಕು. ಇಷ್ಟರಿಂದ ಕುಲವೋ ಉಪಕುಟುಂಬವೋ ತಿಳಿದೀತು. ಪ್ರಭೇದನಿರ್ಣಯದ ಕೋಷ್ಟಕಗಳು ಬಹುತೇಕ ಕೆಲಸಗಾರ ಇರುವೆಗಳನ್ನೇ ಆಧರಿಸಿರುವುದರಿಂದ, ಆಕೆಯ ಸಂತಾನವು ಬೆಳೆಯುವವರೆಗೆ ಕತ್ತಲೆಯಲ್ಲಿ, ತೇವವಿರುವ ನಳಿಗೆಯಲ್ಲಿ ಆಕೆಯನ್ನು ನೆಮ್ಮದಿಯಾಗಿರಗೊಡಿರಿ.