ನಿಮಗಿದು ಗೊತ್ತೆ? 97 ನಿಮಿಷ, 315 ಪ್ರಶ್ನೆ!

ಅಮೆರಿಕದ ಕಾಲೇಜು ಸೇರಬಯಸುವವರು ಬರೆಯುವ ಎಸ್‌ಎಟಿ ಪರೀಕ್ಷೆ ಮೊದಲು ನಡೆದದ್ದು 1926ರ ಜೂನ್ 23ರಂದು. ಬರೆದವರು ಸುಮಾರು 8,000 ಮಂದಿ. 97 ನಿಮಿಷಕ್ಕೆ 315 ಪ್ರಶ್ನೆ. ಒಂದಕ್ಕೆ ಇಪ್ಪತ್ತು ಸೆಕೆಂಡೂ ಸಿಗದು!

ಇದನ್ನು ರೂಪಿಸಿದ ಸಮಿತಿಯ ಮುಖ್ಯಸ್ಥ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಕೊಟ್ಟಿದ್ದ ಬುದ್ಧಿಪರೀಕ್ಷೆಯೇ ಮಾದರಿ. ಆ ಸೈನಿಕರ ಅಂಕಗಳನ್ನೇ ಹಿಡಿದು ಜನಾಂಗಗಳ ಬುದ್ಧಿಯನ್ನು ಮೇಲು–ಕೀಳೆಂದು ವಿಂಗಡಿಸಿ 1923ರಲ್ಲಿ ಪುಸ್ತಕ ಬರೆದಿದ್ದ ಈತ, ಅದಕ್ಕೆ ಬುಡವೇ ಇಲ್ಲವೆಂದು 1930ರಲ್ಲಿ ತಾನೇ ಒಪ್ಪಿಕೊಂಡ. ಪರೀಕ್ಷೆ ಮಾತ್ರ ಉಳಿಯಿತು.

ಈಗಿನದು ಕಂಪ್ಯೂಟರಿನಲ್ಲಿ, 2 ಗಂಟೆ 14 ನಿಮಿಷ, 98 ಪ್ರಶ್ನೆ. ಮೊದಲ ಹಂತದಲ್ಲಿ ಚೆನ್ನಾಗಿ ಉತ್ತರಿಸಿದವರಿಗೆ ಎರಡನೆಯದರಲ್ಲಿ ಕಠಿಣ ಪ್ರಶ್ನೆಗಳು ಎದುರಾಗುತ್ತವೆ. ಅಂಕದ ಮಿತಿ 400ರಿಂದ 1,600. ಅಂದರೆ ಪೂರಾ ತಪ್ಪು ಬರೆದರೂ 400 ಖಾತ್ರಿ! ತಪ್ಪಿಗೆ ಅಂಕ ಕಳೆಯುವ ಪದ್ಧತಿಯೂ 2016ರಲ್ಲಿ ಹೋಯಿತು.

ಭೌತಶಾಸ್ತ್ರ, ರಸಾಯನಶಾಸ್ತ್ರ, ಇತಿಹಾಸ ಮುಂತಾದವಕ್ಕೆ ಪ್ರತ್ಯೇಕವಾಗಿದ್ದ ಒಂದು ಗಂಟೆಯ ವಿಷಯ ಪರೀಕ್ಷೆಗಳು 2021ರಲ್ಲಿ ನಿಂತವು. ಕೋವಿಡ್ ವೇಳೆ ಎಸ್‌ಎಟಿ ಕಡ್ಡಾಯವಲ್ಲ ಎಂದಿದ್ದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ, 2022ರಲ್ಲಿ ಮತ್ತೆ ಅಂಕ ಕೇಳತೊಡಗಿತು.